ಗೊರಬು, ಕಂಬಳಿ, ಗೋಡೆ

ಬಾತ್‌ರೂಮಿನ ಕಿಟಕಿಯ ಕೆಳಗಿನ ಹಲಗೆಗೆ ಬಡಗಿ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯವರೆಗೂ ಇಳಿಯಿತು. ಎರಡಡಿ ಆಚೆ ಅದೇ ಹಲಗೆ ಕಬ್ಬಿಣದಂತಿತ್ತು. ನೂರ ಏಳು ವರ್ಷದ ಹಿಂದೆ ಅದನ್ನು ಕೂರಿಸಿದವನು ಪೆನ್ಸಿಲಿನಲ್ಲಿ ಹಾಕಿಕೊಂಡ ಕೂಡುವ ಲೆಕ್ಕ ಇನ್ನೂ ಓದುವ ಹಾಗಿತ್ತು. ಒಂದೇ ಮರ, ಒಂದೇ ಗೋಡೆ; ಇಲ್ಲಿ ಲಡ್ಡು, ಅಲ್ಲಿ ಗಟ್ಟಿ. 2019ರ ಸೆಪ್ಟೆಂಬರಿನಲ್ಲಿ, ಬಾಸ್ಟನ್ನಿನ ಹೊರವಲಯದ ನಮ್ಮ ಮನೆಯ ಉತ್ತರದ ಗೋಡೆಯನ್ನು ಹೊರಗಿನಿಂದ ಬಿಚ್ಚಿಸಿದಾಗ ಕಂಡದ್ದು ಇದು. ಹಳೆಯ ಮರದ ಗೋಡೆಗಳನ್ನು ಬೆಚ್ಚಗೆ ಮಾಡಲು ಐವತ್ತು ವರ್ಷದಿಂದ ನಡೆದಿರುವ ಪ್ರಯತ್ನದಲ್ಲಿ ಗೆದ್ದದ್ದೂ ಸೋತದ್ದೂ ಆ ಎರಡಡಿಯ ಅಂತರದಲ್ಲೇ ಇದೆ ಎಂದು ಆಮೇಲೆ ಅರ್ಥವಾಯಿತು.

ಮನೆಗೆ ಇನ್ಸುಲೇಶನ್ ಹಾಕಿಸುವವರಿಗೆ ಅಮೆರಿಕದ ಫೆಡರಲ್ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ ಮುಗಿದಿದೆ. 2025ರ ಡಿಸೆಂಬರ್ 31 ಅದರ ಕೊನೆಯ ದಿನವಾಗಿತ್ತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಈ ದೇಶ ಗಾಬರಿಯಿಂದ ತನ್ನ ಗೋಡೆಗಳ ಕಡೆ ತಿರುಗಿ ನೋಡಿತ್ತು. ಅಲ್ಲಿಂದ ಶುರುವಾದ ಒಂದು ಸುತ್ತು ಈಗ ಮುಗಿದಂತಾಯಿತು. ಇಲ್ಲಿನ ನಮ್ಮ ಕನ್ನಡ ಕೂಟದಲ್ಲೇ ನೂರು ವರ್ಷ ದಾಟಿದ ಮನೆ ಕೊಂಡವರು ಹಲವರಿದ್ದಾರೆ. ಹಬ್ಬದ ಊಟಕ್ಕೆ ಸೇರಿದಾಗ ಹೀಟಿಂಗ್ ಬಿಲ್ಲಿನ ಮಾತು ಬಾರದೆ ನಾವು ಕೈತೊಳೆದದ್ದು ನನಗೆ ನೆನಪಿಲ್ಲ. ಹಾಗಾಗಿ ಈ ವರ್ಷದ ಸಿಂಹಾವಲೋಕನಕ್ಕೆ ಗೋಡೆಯನ್ನೇ ಎತ್ತಿಕೊಂಡಿದ್ದೇನೆ.

ಜಂಬಿಟ್ಟಿಗೆ, ಮಣ್ಣು, ಇಟ್ಟಿಗೆಯ ಗೋಡೆಗಳಲ್ಲಿ ಬೆಳೆದ ನಮಗೆ ಇಲ್ಲಿನ ಗೋಡೆ ಮೊದಮೊದಲು ಪೆಟ್ಟಿಗೆಯಂತೆ ಕಾಣುತ್ತದೆ. ಬಡಿದರೆ ಟೊಳ್ಳು ಸದ್ದು. ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಿದ ನಾಲ್ಕಂಗುಲ ಆಳದ ನಿಲುವುಪಟ್ಟಿಗಳು. ಇಲ್ಲಿಯವರು ಸ್ಟಡ್ ಎನ್ನುತ್ತಾರೆ. ಅವುಗಳ ಒಳಮೈಗೆ ತೆಳು ಪಟ್ಟಿ ಹೊಡೆದು ಮೆತ್ತಿದ ಗಾರೆ. ಹೊರಮೈಗೆ ಒಂದಂಗುಲದ ಹಲಗೆ, ಅದರ ಮೇಲೆ ಕಾಗದ, ಕಾಗದದ ಮೇಲೆ ಒಂದರ ಮೇಲೊಂದು ಹೆಂಚಿನಂತೆ ಹೊದಿಸಿದ ಕ್ಲ್ಯಾಪ್‌ಬೋರ್ಡ್. ನಡುವೆ ಬರೀ ಗಾಳಿ. 1830ರ ದಶಕದಲ್ಲಿ ಶಿಕಾಗೋದಲ್ಲಿ ಹುಟ್ಟಿದ ಬಲೂನ್ ಚೌಕಟ್ಟಿನ ಮನೆಗಳಲ್ಲಿ ಈ ಟೊಳ್ಳು ಅಡಿತೊಲೆಯಿಂದ ಸೂರಿನವರೆಗೆ ತಡೆಯಿಲ್ಲದೆ ಏರುತ್ತದೆ. ನೆಲಮಾಳಿಗೆಯಲ್ಲಿ ಬೆಂಕಿ ಬಿದ್ದರೆ ಅಟ್ಟಕ್ಕೆ ಅದೇ ಚಿಮಣಿ.

ಇಂಥ ಗೋಡೆ ಚಳಿಯನ್ನು ತಡೆಯುತ್ತಿರಲಿಲ್ಲ. ಆದರೆ ಕೊಳೆಯುತ್ತಲೂ ಇರಲಿಲ್ಲ. ನಮ್ಮೂರ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟವನ್ನು ನೆನೆಯಿರಿ. ಮಳೆಗಾಲವಿಡೀ ಅಲ್ಲಿ ಇಟ್ಟ ಸೌದೆ ಗರಿಗರಿ ಇರುತ್ತಿತ್ತು, ಒಲೆಯ ಬಿಸಿ ಸುಮ್ಮನೆ ಮೇಲೆ ಹೋಗುತ್ತಿದ್ದುದರಿಂದ. ಖಾಲಿ ಗೋಡೆಯೂ ಹಾಗೇ. ಮಳೆ ಒಳಗೆ ಇಳಿದರೂ ಮನೆಯಿಂದ ಸೋರಿಹೋಗುವ ಬಿಸಿ ಅದನ್ನು ಮತ್ತೆ ಒಣಗಿಸುತ್ತಿತ್ತು. ನಾವು ಪೋಲಾಗುತ್ತಿದೆ ಎಂದುಕೊಂಡ ಬಿಸಿ ಆ ಮರದ ಆಯುಸ್ಸನ್ನು ಕಾಯುತ್ತಿತ್ತು. ಬಿಸಿಯನ್ನು ನಿಲ್ಲಿಸಿದ ಮೇಲೆ ಒಣಗಲು ಬೇರೆ ದಾರಿ ಕೊಡಬೇಕು. ಈ ಮಾತು ಇವತ್ತು ಸರಳವಾಗಿ ಕೇಳಿಸುತ್ತದೆ. ಕಲಿಯಲು ಮುಕ್ಕಾಲು ಶತಮಾನ ಹಿಡಿಯಿತು.

ಮೊದಲ ಎಚ್ಚರಿಕೆ 1930ರ ದಶಕದಲ್ಲೇ ಬಂದಿತ್ತು. ಟೊಳ್ಳಿಗೆ ಇನ್ಸುಲೇಶನ್ ತುಂಬಿದ ಮನೆಗಳ ಹೊರಗಿನ ಬಣ್ಣ ಏಳತೊಡಗಿತು. ಅಂಥ ಮನೆಗಳಿಗೆ ಬಣ್ಣ ಹೊಡೆಯುವುದೇ ಇಲ್ಲ ಎಂದು ಬಣ್ಣಗಾರರು ಪಟ್ಟು ಹಿಡಿದರು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಫ್ರ್ಯಾಂಕ್ ರೌಲಿ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ಟೀಸ್‌ಡೇಲ್ ಇದರ ಬೆನ್ನು ಹತ್ತಿದರು. 1938ರಲ್ಲಿ ಟೈಲರ್ ಸ್ಟುವರ್ಟ್ ರೋಜರ್ಸ್ ‘ಆರ್ಕಿಟೆಕ್ಚರಲ್ ರೆಕಾರ್ಡ್’ ಪತ್ರಿಕೆಯಲ್ಲಿ ವಾಸ್ತುಶಿಲ್ಪಿಗಳಿಗೆ ವಿವರಿಸಿ ಬರೆದರು: ಒಳಗಿನ ಆವಿ ಗೋಡೆಯೊಳಕ್ಕೆ ಹೋಗುತ್ತದೆ, ತಣ್ಣನೆಯ ಹಲಗೆಗೆ ತಾಗಿ ಹನಿಗಟ್ಟುತ್ತದೆ, ಆದ್ದರಿಂದ ಒಳಮೈಗೆ ಆವಿ ತಡೆಯುವ ಹಾಳೆ ಹಾಕಿ. ಇದರಲ್ಲಿ ಸುಳ್ಳಿರಲಿಲ್ಲ. ಆದರೆ ತಪ್ಪನ್ನೆಲ್ಲ ಮನೆಯೊಳಗಿನ ಆವಿಯ ತಲೆಗೆ ಕಟ್ಟಿದ್ದರಿಂದ, ಹೊರಗಿನಿಂದ ಕಿಟಕಿಯ ಮೂಲೆಯಲ್ಲಿ ಇಳಿಯುವ ಮಳೆಯೂ ಸಂದಿಯಲ್ಲಿ ನುಸುಳುವ ಗಾಳಿಯೂ ಬಹುಕಾಲ ಲೆಕ್ಕಕ್ಕೆ ಬರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ಈ ಇತಿಹಾಸವನ್ನು ಕೆದಕಿ 2005ರಲ್ಲಿ ಪುಸ್ತಕವಾಗಿಸಿದ್ದಾರೆ. ಗೋಡೆಗಳ ವಿಷಯದಲ್ಲಿ ಅಷ್ಟು ತಾಳ್ಮೆಯ ಬರಹವನ್ನು ನಾನು ಬೇರೆ ಓದಿಲ್ಲ.

1973ರ ನಂತರ ಅವಸರ ಹೆಚ್ಚಿತು. ಕ್ಲ್ಯಾಪ್‌ಬೋರ್ಡಿಗೆ ತೂತು ಕೊರೆದು, ಕೊಳವೆಯಿಂದ ಕಾಗದದ ಚೂರು ತುಂಬಿ, ತೂತಿಗೆ ಬಿರಡೆ ಹೊಡೆದು ಹೋಗುವ ಕೆಲಸಗಾರರು ಊರೂರಲ್ಲಿ ಕಂಡರು. ನಮ್ಮ ಗೋಡೆಯಲ್ಲೂ ಆ ಬಿರಡೆಗಳ ಸಾಲು ಸಿಕ್ಕಿತು. ಕೆಲವರು ಯೂರಿಯಾ ಫಾರ್ಮಾಲ್ಡಿಹೈಡ್ ನೊರೆ ತುಂಬಿಸಿಕೊಂಡರು. ಅದರಿಂದ ಹೊರಡುವ ಅನಿಲದ ಭಯಕ್ಕೆ ಕೆನಡಾ 1980ರಲ್ಲಿ ಅದನ್ನು ನಿಷೇಧಿಸಿತು. ಅಮೆರಿಕ 1982ರಲ್ಲಿ ಹೇರಿದ ನಿಷೇಧವನ್ನು ಮರುವರ್ಷ ನ್ಯಾಯಾಲಯ ರದ್ದುಮಾಡಿತು. ಆ ಹೊತ್ತಿಗೆ ಜನರ ನಂಬಿಕೆ ಹೋಗಿತ್ತು. ಕಾಗದದ ಚೂರನ್ನು ನಾನು ದೂರುವುದಿಲ್ಲ. ಹಳೆಯ ಟೊಳ್ಳು ತುಂಬಲು ಅದಕ್ಕಿಂತ ಅಗ್ಗದ, ಒಳ್ಳೆಯ ಸಾಮಾನು ಇವತ್ತಿಗೂ ಇಲ್ಲ. ತುಂಬುವ ಮುನ್ನ ಪಿಂಗಾಣಿ ಗುಬಟಿನ ಹಳೆಯ ವೈರಿಂಗ್ ಒಳಗಿದೆಯೇ ಎಂದು ಮಾತ್ರ ನೋಡಲೇಬೇಕು, ಸುತ್ತ ಗಾಳಿ ಆಡದಿದ್ದರೆ ಆ ತಂತಿ ಕಾದು ಬೆಂಕಿ ಹಿಡಿಯಬಹುದು. ಆದರೆ ತುಂಬಿದವರು ಕಿಟಕಿಯನ್ನು ನೋಡಲಿಲ್ಲ. ನಮ್ಮ ಬಾತ್‌ರೂಮಿನ ಕಿಟಕಿಯ ಮೇಲೆ ತಗಡಿನ ಫ್ಲ್ಯಾಶಿಂಗ್ ಇರಲಿಲ್ಲ. ಅರವತ್ತು ವರ್ಷ ಅಲ್ಲಿ ಇಳಿದ ನೀರು ಅರವತ್ತು ವರ್ಷವೂ ಒಣಗಿತ್ತು. ಟೊಳ್ಳು ತುಂಬಿದ ಮೇಲೆ ಅದೇ ನೀರು ಕಾಗದದ ಚೂರಿನಲ್ಲಿ ನಿಂತಿತು. ಎರಡಡಿ ಆಚೆ ಕಿಟಕಿ ಇರಲಿಲ್ಲ, ಪೆನ್ಸಿಲಿನ ಲೆಕ್ಕ ಉಳಿಯಿತು.

ಟೊಳ್ಳು ತುಂಬುವುದರಲ್ಲಿ ಇನ್ನೂ ಒಂದು ಮಿತಿ ಇದೆ. ಗೋಡೆಯ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮರವೇ. ಚಳಿಗೆ ಅದು ಸೇತುವೆ. ಇಬ್ಬನಿ ಬಿದ್ದ ಬೆಳಗ್ಗೆ ಅಂಥ ಮನೆಯ ಹೊರಮೈಯನ್ನು ನೋಡಿ, ಕೆಲವೊಮ್ಮೆ ಒಂದೊಂದು ನಿಲುವುಪಟ್ಟಿಯ ಗೆರೆಯೂ ಕಾಣುತ್ತದೆ. ಆ ಮರವನ್ನೂ ಸೇರಿಸಿ ಹೊದಿಸಬೇಕೆಂದರೆ ಹೊದಿಕೆ ಹೊರಗೇ ಬರಬೇಕು.

ಈ ತಿಳಿವು ಬಂದದ್ದು ಕೆನಡಾದಿಂದ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೀಲ್ ಹಚನ್ 1960ರ ದಶಕದಲ್ಲೇ ಮಂಡಿಸಿದ ವಾದ ಇದು: ಮನೆಯನ್ನು ಹೊತ್ತ ಚೌಕಟ್ಟು ಬೆಚ್ಚಗೆ, ಒಣಗಿ ಇರಬೇಕಾದರೆ ಇನ್ಸುಲೇಶನ್ ಅದರ ಹೊರಗಿರಬೇಕು, ಗಾಳಿ ತಡೆಯುವ ಪದರ ಚೌಕಟ್ಟಿಗೂ ಇನ್ಸುಲೇಶನ್ನಿಗೂ ನಡುವೆ ಇರಬೇಕು. ಹಳೆಯ ಮನೆಯೊಂದರಲ್ಲಿ ಇದನ್ನು ಮಾಡಿ ತೋರಿಸಿದವರು ಹೆರಾಲ್ಡ್ ಓರ್. 1977ರಲ್ಲಿ ರೆಜೈನಾದಲ್ಲಿ ಕಟ್ಟಿದ ಸಸ್ಕಾಚೆವನ್ ಕನ್ಸರ್ವೇಶನ್ ಹೌಸ್‌ನ ತಂಡದಲ್ಲಿದ್ದವರು ಅವರು. 1982ರಲ್ಲಿ ಸಾಸ್ಕಟೂನ್‌ನ ಒಂದು ಸಾಮಾನ್ಯ ಮನೆಯನ್ನು ಎತ್ತಿಕೊಂಡರು. 1968ರಲ್ಲಿ ಕಟ್ಟಿದ್ದು. ಸೂರಿನ ಚಾಚು ಹೊದಿಕೆಗೆ ಅಡ್ಡ ಬರುತ್ತದೆ. ಗೋಡೆಯಿಂದ ಛಾವಣಿಗೆ ಗಾಳಿ ತಡೆಯುವ ಹಾಳೆಯನ್ನು ಕಡಿಯದೆ ಒಯ್ಯಲು ಆಗುವುದಿಲ್ಲ. ಓರ್ ಮರ ಕೊಯ್ಯುವ ಯಂತ್ರಗರಗಸ ತಂದು ನಾಲ್ಕೂ ಕಡೆ ಚಾಚನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ ಹಾಕಿದರು. ಮನೆಯನ್ನಿಡೀ ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ಅದರ ಹೊರಗೆ ಹೊಸ ಚೌಕಟ್ಟು ನಿಲ್ಲಿಸಿ, ಇನ್ಸುಲೇಶನ್ ತುಂಬಿ, ಹೊಸ ಸೂರು ಕೂರಿಸಿದರು. ಗಾಳಿ ಸೋರಿಕೆಯನ್ನು 50 ಪ್ಯಾಸ್ಕಲ್ ಒತ್ತಡದಲ್ಲಿ ಅಳೆಯುವ ಪರೀಕ್ಷೆಯಲ್ಲಿ ಮನೆಯ ಗಾಳಿ ಗಂಟೆಗೆ 2.95 ಸಲ ಬದಲಾಗುತ್ತಿದ್ದುದು 0.29ಕ್ಕೆ ಇಳಿಯಿತು. ಹೊರಗೆ ಮೈನಸ್ 34 ಡಿಗ್ರಿ ಇದ್ದಾಗ ಮನೆ ಕಳೆದುಕೊಳ್ಳುವ ಬಿಸಿಯ ಲೆಕ್ಕ 13 ಕಿಲೋವ್ಯಾಟಿನಿಂದ ಐದೂವರೆಗೆ ಬಂತು. ಅದೇ ವರ್ಷಗಳಲ್ಲಿ ಆಲ್ಬರ್ಟಾದ ಜಾನ್ ಲಾರ್ಸೆನ್ ಹಗುರ ಮರದ ಏಣಿಯಂಥ ಚೌಕಟ್ಟನ್ನು ಹಳೆಯ ಗೋಡೆಯ ಹೊರಗೆ ನಿಲ್ಲಿಸುವ ಉಪಾಯ ಕಂಡುಕೊಂಡರು. ನನ್ನ ಮಟ್ಟಿಗೆ ಈ ಅರ್ಧ ಶತಮಾನದ ದೊಡ್ಡ ಹೆಜ್ಜೆ ಓರ್ ಅವರ ಆ ಗರಗಸವೇ. ಮನೆಯ ರೂಪ ಮುಖ್ಯವೋ ಅದರ ಹೊದಿಕೆ ಮುಖ್ಯವೋ ಎಂಬ ಪ್ರಶ್ನೆಗೆ ಅಷ್ಟು ನೇರವಾಗಿ ಉತ್ತರ ಕೊಟ್ಟವರು ಬೇರೆ ಇಲ್ಲ.

ಮಲೆನಾಡಿನವರಿಗೆ ಈ ಪದರಗಳ ಕ್ರಮವನ್ನು ನಾನು ವಿವರಿಸಬೇಕಿಲ್ಲ. ನಾಟಿಯ ದಿನಗಳಲ್ಲಿ ಗೊರಬು ಹೊದ್ದು ಗದ್ದೆಗೆ ಬಗ್ಗಿದವರನ್ನು ನೋಡಿದ್ದೀರಿ. ಗೊರಬು ಮಳೆಯನ್ನು ಜಾರಿಸುತ್ತದೆ, ಮೈಗೆ ಅಂಟುವುದಿಲ್ಲ; ಅದಕ್ಕೂ ಬೆನ್ನಿಗೂ ನಡುವೆ ಗಾಳಿ ಆಡುತ್ತದೆ. ಚಳಿಗೆ ಕಂಬಳಿ ಬೇಕೆಂದರೆ ಅದು ಗೊರಬಿನ ಒಳಗೆ, ಮೈಯ ಹೊರಗೆ. ಜೋಸೆಫ್ ಸ್ಟೀಬ್ರೆಕ್ ಎಂಬ ಎಂಜಿನಿಯರ್ ‘ಪರ್ಫೆಕ್ಟ್ ವಾಲ್’ ಎಂದು ಊರೂರು ತಿರುಗಿ ಕಲಿಸುವ ಗೋಡೆಯ ಕ್ರಮವೂ ಇದೇ: ಹೊರಗೆ ಮಳೆ ಜಾರಿಸುವ ಹೊದಿಕೆ, ಅದರ ಹಿಂದೆ ಸಂದಿ, ಆಮೇಲೆ ಇನ್ಸುಲೇಶನ್, ಆಮೇಲೆ ನೀರು ಗಾಳಿ ಎರಡನ್ನೂ ತಡೆಯುವ ಪದರ, ಎಲ್ಲಕ್ಕಿಂತ ಒಳಗೆ ಚೌಕಟ್ಟು.

ಆ ಸಂದಿಯ ಬೆಲೆ ಗೊತ್ತಾದದ್ದು ಮಾತ್ರ ದುಬಾರಿಯಾಗಿ. 1990ರ ದಶಕದಲ್ಲಿ ಉತ್ತರ ಕ್ಯಾರೊಲೈನಾದ ವಿಲ್ಮಿಂಗ್ಟನ್‌ನಲ್ಲಿ ಫೋಮಿನ ಮೇಲೆ ಗಾರೆ ಬಳಿದ ಗೋಡೆಗಳ ಹಿಂದೆ ಮರ ಕೊಳೆತಿತ್ತು. ವ್ಯಾಂಕೂವರ್‌ನಲ್ಲಿ ಸಾವಿರಾರು ಫ್ಲಾಟುಗಳ ಗೋಡೆ ಬಿಚ್ಚಬೇಕಾಯಿತು. ಬ್ರಿಟಿಷ್ ಕೊಲಂಬಿಯಾದ ಮಾಜಿ ಪ್ರೀಮಿಯರ್ ಡೇವ್ ಬ್ಯಾರೆಟ್ ಅವರ ಆಯೋಗ 1998ರಲ್ಲಿ ಆ ಪ್ರಾಂತ್ಯಕ್ಕೆ ವರದಿ ಕೊಟ್ಟಿತು. ನ್ಯೂಜಿಲೆಂಡಿನಲ್ಲಿ 2002ರ ಹನ್ ವರದಿ ಹೇಳಿದ್ದೂ ಇಂಥದೇ ಕಥೆ. ಎಲ್ಲ ಕಡೆ ತಪ್ಪು ಒಂದೇ. ಗೋಡೆಯ ಹೊರಮೈಗೆ ನೀರು ಬೀಳುವುದೇ ಇಲ್ಲವೆಂದು, ಬಿದ್ದರೂ ಒಂದು ಹನಿಯೂ ಒಳಗೆ ಹೋಗದೆಂದು ನಂಬಿ ಕಟ್ಟಿದ್ದು. ಈಗ ಇನ್ಸುಲೇಶನ್ನಿನ ಮೇಲೆ ಮುಕ್ಕಾಲಂಗುಲದ ರೀಪು ಹೊಡೆದು, ರೀಪಿನ ಮೇಲೆ ಹಲಗೆ ಹೊಡೆಯುತ್ತಾರೆ. ಒಳಬಂದ ನೀರು ಇಳಿದುಹೋಗುತ್ತದೆ, ಗಾಳಿ ಅದನ್ನು ಒಣಗಿಸುತ್ತದೆ. ರೀಪಿನ ಸಂದಿಯ ಬುಡಕ್ಕೆ ಜಾಲರಿ ಮರೆಯಬಾರದು, ಇಲಿ ಮತ್ತು ಕಣಜ ಎರಡೂ ಅಲ್ಲಿ ಮನೆ ಮಾಡುತ್ತವೆ.

ಎಷ್ಟು ದಪ್ಪ ಬೇಕು? ನನ್ನನ್ನು ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಒಳಗೆ 20 ಡಿಗ್ರಿ, ತೇವಾಂಶ ಶೇ 35 ಎಂದಿಟ್ಟುಕೊಳ್ಳಿ. ಆ ಗಾಳಿ 4 ಡಿಗ್ರಿಗೆ ಇಳಿದರೆ ಹನಿಗಟ್ಟುತ್ತದೆ. ಬಾಸ್ಟನ್ನಿನ ಜನವರಿಯ ಸರಾಸರಿ ಸೊನ್ನೆಗಿಂತ ಒಂದು ಡಿಗ್ರಿಯಷ್ಟು ಕೆಳಗೆ. ಚಳಿಗೆ ಒಡ್ಡುವ ತಡೆಯನ್ನು ಇಲ್ಲಿ ಆರ್ ಅಂಕಿಯಲ್ಲಿ ಅಳೆಯುತ್ತಾರೆ. ಟೊಳ್ಳಿನಲ್ಲಿ ಆರ್-13 ತುಂಬಿ ಹೊರಗೆ ಏನೂ ಹಾಕದಿದ್ದರೆ ಹಲಗೆಯ ಒಳಮೈ ಹೆಚ್ಚುಕಡಿಮೆ ಸೊನ್ನೆಯಲ್ಲೇ ಕೂರುತ್ತದೆ: ಒಳಗಿನ ಗಾಳಿ ನುಸುಳಿದಲ್ಲೆಲ್ಲ ಒದ್ದೆ. ಹೊರಗೆ ಆರ್-5 ಹಾಕಿ, ಹಲಗೆ 5 ಡಿಗ್ರಿಗೆ ಬರುತ್ತದೆ. ಆರ್-12 ಹಾಕಿದರೆ 9. ನಮ್ಮ ಹವಾಮಾನ ವಲಯದಲ್ಲಿ ನಾಲ್ಕಂಗುಲದ ಗೋಡೆಗೆ, ಒಳಗೆ ಬರೀ ಬಣ್ಣವನ್ನೇ ಆವಿತಡೆಯಾಗಿ ನಂಬುವುದಾದರೆ, ಹೊರಗೆ ಕನಿಷ್ಠ ಆರ್-5 ಇರಲಿ ಎಂದು ಅಮೆರಿಕದ ವಸತಿ ಕಟ್ಟಡ ಸಂಹಿತೆ ಹೇಳುವುದು ಇದೇ ಲೆಕ್ಕದ ಮೇಲೆ. ಇನ್ನೂ ಉತ್ತರಕ್ಕೆ, ಆರನೆಯ ವಲಯದಲ್ಲಿ, ಅದು ಏಳೂವರೆ. ಹಾಗಾಗಿ ವಿನೈಲ್ ಸೈಡಿಂಗಿನ ಕೆಳಗೆ ಹಾಸುವ ಕಾಲಂಗುಲದ, ಅರ್ಧಂಗುಲದ ಫೋಮನ್ನು ಇನ್ಸುಲೇಶನ್ ಎಂದು ಮಾರುವುದು ನನಗೆ ಸಿಟ್ಟು ಬರಿಸುತ್ತದೆ. ಹಲಗೆಯನ್ನು ಬೆಚ್ಚಗೆ ಮಾಡುವಷ್ಟು ದಪ್ಪ ಅದಕ್ಕಿಲ್ಲ. ಎಷ್ಟೋ ಸಲ ಹೊರಗೆ ಒಣಗುವ ದಾರಿಯನ್ನೂ ಅದು ಕಟ್ಟುತ್ತದೆ.

ನಮ್ಮ ಕೂಟದ ಸ್ನೇಹಿತರೊಬ್ಬರಿಗೆ ಆದದ್ದು ಅದೇ. ಗುತ್ತಿಗೆದಾರರು ಹಳೆಯ ಸೈಡಿಂಗ್ ತೆಗೆದು, ಒದ್ದೆ ಹಲಗೆಯನ್ನು ಒಣಗಲೂ ಬಿಡದೆ, ಅದರ ಮೇಲೆ ತೆಳು ಫೋಮ್ ಹೊಡೆದು ಮೂರು ದಿನದಲ್ಲಿ ಕೆಲಸ ಮುಗಿಸಿದರು. ಕಿಟಕಿಯ ಸುತ್ತ ಸೀಲಂಟ್ ಬಿಟ್ಟರೆ ಬೇರೇನೂ ಇಲ್ಲ. ಆರನೆಯ ವರ್ಷ ಊಟದ ಕೋಣೆಯ ಮೂಲೆಯಲ್ಲಿ ಅಣಬೆಯ ವಾಸನೆ ಬಂತು. ಬಿಚ್ಚಿ ನೋಡಿದಾಗ ಅಡಿತೊಲೆಯನ್ನು ಚಮಚದಲ್ಲಿ ತೋಡಬಹುದಿತ್ತು. ಅವರು ಇನ್ಸುಲೇಶನ್ನಿಗೆ ಕೊಟ್ಟ ಹಣಕ್ಕಿಂತ ತೊಲೆಗೆ ಕೊಟ್ಟದ್ದೇ ಹೆಚ್ಚು.

ಸಾಮಾನಿನ ಬಗ್ಗೆ ನನ್ನ ಅಭಿಪ್ರಾಯ ಈ ಆರು ಚಳಿಗಾಲದಲ್ಲಿ ಗಟ್ಟಿಯಾಗಿದೆ. ಫೋಮ್ ಹಾಳೆ ದಪ್ಪವಾಗಿ ಹಾಕಿದರೆ ಕೆಲಸ ಮಾಡುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಇರದೆ ಗೋಡೆ ಒಳಮುಖವಾಗಿ ಒಣಗುವಂತಿದ್ದರೆ ಸಾಕು. ಆದರೆ ಪಾಲಿಐಸೊ ಎಂಬ ಬಗೆಯ ಫೋಮ್ ಚಳಿ ಹೆಚ್ಚಿದಂತೆ ತನ್ನ ಆರ್ ಅಂಕಿಯನ್ನು ಕಳೆದುಕೊಳ್ಳುತ್ತದೆ. ಎಕ್ಸ್‌ಪಿಎಸ್ ಎಂಬ ಇನ್ನೊಂದು ಬಗೆಯ ಹಾಳೆಯನ್ನು ಉಬ್ಬಿಸಲು ಬಹುಕಾಲ ಬಳಸಿದ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೀರಿದ್ದು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದ್ದು ಕಾಂಕ್ರೀಟ್ ಗೋಡೆ, ನಮ್ಮ ವಿಷಯಕ್ಕೆ ನೇರ ಸಂಬಂಧವಿಲ್ಲ. ಆದರೆ 2017ರ ಜೂನ್ 14ರ ರಾತ್ರಿ ಹೊರಹೊದಿಕೆಯಲ್ಲಿ ಏರಿದ ಬೆಂಕಿಗೆ 72 ಜನ ಸತ್ತ ಮೇಲೆ, ಉರಿಯುವ ಪದರವನ್ನು ಗಾಳಿ ಆಡುವ ಸಂದಿಯ ಹಿಂದೆ ಇಡುವಾಗ ನನ್ನ ಕೈ ಹಿಂದೆಗೆಯುತ್ತದೆ. ನಾವು ಆರಿಸಿದ್ದು ಕಲ್ಲುಣ್ಣೆಯ ಹಲಗೆ, ಇಲ್ಲಿಯವರ ಮಾತಿನಲ್ಲಿ ಮಿನರಲ್ ವೂಲ್. ಒಂದೂವರೆ ಅಂಗುಲದ ಎರಡು ಪದರ, ಒಂದರ ಸಂದಿ ಇನ್ನೊಂದರ ಮೇಲೆ ಬಾರದಂತೆ. ಅದು ಉರಿಯುವುದಿಲ್ಲ, ಆವಿಯನ್ನು ಕಟ್ಟಿಹಾಕುವುದಿಲ್ಲ. ಇವತ್ತು ಮಾಡಿಸುವುದಾದರೆ ಮರದ ನಾರಿನ ಹಲಗೆಯನ್ನೂ ನೋಡುತ್ತಿದ್ದೆ. ಜರ್ಮನಿಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಮರದ ನಾರಿನ ಇನ್ಸುಲೇಶನ್ ಈಗ ಮೇನ್ ರಾಜ್ಯದ ಮ್ಯಾಡಿಸನ್ ಊರಿನಲ್ಲೂ ತಯಾರಾಗುತ್ತಿದೆ, 2016ರಲ್ಲಿ ಮುಚ್ಚಿದ ಕಾಗದದ ಗಿರಣಿಯಲ್ಲಿ. ಗಿರಣಿ ಮುಚ್ಚಿ ಕಂಗಾಲಾದ ಊರಿಗೆ ಆ ಕೆಲಸ ಮರಳಿದ್ದು ಓದಿ ಮನಸ್ಸು ತುಂಬಿತು.

ಉತ್ತರದ ಗೋಡೆಯ ಕೆಲಸ ಹದಿನೇಳು ದಿನ ನಡೆಯಿತು. 1978ಕ್ಕೆ ಮುಂಚಿನ ಮನೆಯೆಂದರೆ ಬಣ್ಣದಲ್ಲಿ ಸೀಸ ಇದೆಯೆಂದೇ ಲೆಕ್ಕ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಒಂದೊಂದು ಚೂರನ್ನೂ ಚೀಲಕ್ಕೆ ಕಟ್ಟಿ ಒಯ್ದರು. ಲಡ್ಡಾದ ಹಲಗೆ ಕತ್ತರಿಸಿ ಹೊಸದು ಕೂರಿಸಿದರು. ನಾಲ್ಕು ದಿನ ಗೋಡೆಯನ್ನು ಬಿಸಿಲುಗಾಳಿಗೆ ಬಿಟ್ಟು, ತೇವ ಅಳೆದು, ಆಮೇಲೇ ನೀರು ಗಾಳಿ ತಡೆಯುವ ಅಂಟುಹಾಳೆ ಹೊದಿಸಿದರು. ಗೋಡೆ ನಾಲ್ಕಂಗುಲ ಉಬ್ಬಿದ ಮೇಲೆ ಕಿಟಕಿ ಗೂಡಿನೊಳಗೆ ಕೂತಂತೆ ಕಾಣುತ್ತದೆ. ಪ್ರತಿ ಕಿಟಕಿಗೂ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ, ಕೆಳಗೆ ಹೊರಕ್ಕೆ ಇಳಿಜಾರು ಕೊಟ್ಟು, ಮೇಲೆ ತಗಡು ಕೂರಿಸುವುದರಲ್ಲೇ ಅರ್ಧ ಸಮಯ ಹೋಯಿತು. ನೇರ ಗೋಡೆಗೆ ಕಂಬಳಿ ಹೊದಿಸುವುದು ಯಾರಿಂದಲೂ ಆಗುತ್ತದೆ. ಕಿಟಕಿಯ ಮೂಲೆ ತಿರುಗಿಸುವಾಗ ಬಡಗಿಯ ಕೈ ಗೊತ್ತಾಗುತ್ತದೆ. ಉದ್ದನೆಯ ಸ್ಕ್ರೂಗಳು ಮೂರಂಗುಲ ಮೆತ್ತೆಯ ಮೂಲಕ ಹೊಸ ಹಲಗೆಯ ಭಾರ ಹೊರುತ್ತವೆಯೇ ಎಂದು ಭಯವಿತ್ತು. ಇವತ್ತಿನವರೆಗೆ ಒಂದು ಕೂದಲೆಳೆಯಷ್ಟೂ ಜಗ್ಗಿಲ್ಲ. ಗಾಳಿ ಆಡುವುದು ನಿಂತ ಮೇಲೆ ಬಾತ್‌ರೂಮಿನ ಫ್ಯಾನ್ ಬದಲಿಸಿದೆವು. ಹಳೆಯ ಗ್ಯಾಸ್ ಬಾಯ್ಲರಿನ ಹೊಗೆ ಒಳಕ್ಕೆ ತಿರುಗುವುದಿಲ್ಲ ಎಂದು ಪರೀಕ್ಷೆ ಮಾಡಿಸಿದೆವು. ಮನೆಯನ್ನು ಬಿಗಿ ಮಾಡಿಸುವ ಯಾರೂ ಇದನ್ನು ಬಿಡಬೇಡಿ, ಇದು ಜೀವದ ಪ್ರಶ್ನೆ.

ಖರ್ಚು ಹೆಚ್ಚು. ಸೈಡಿಂಗ್ ಹೇಗೂ ಬದಲಿಸಬೇಕಾಗಿ ಬಂದ ವರ್ಷ ಮಾಡಿಸಿದರೆ ಮಾತ್ರ ಇದು ತೂಗುತ್ತದೆ. ಅಟ್ಟಣೆ, ಕೂಲಿ, ಬಣ್ಣ ಎಲ್ಲ ಆಗ ಹೇಗೂ ಇದ್ದದ್ದೇ. ಗಟ್ಟಿ ಇರುವ ಹಲಗೆಯನ್ನು ಕೀಳಿಸಿ ಮಾಡಿಸಿ ಎಂದು ನಾನು ಯಾರಿಗೂ ಹೇಳಲಾರೆ. ಮುಗಿದುಹೋದ ರಿಯಾಯಿತಿಯ ಬಗ್ಗೆ ನನ್ನ ದೂರು ಇಲ್ಲೇ ಇದೆ. ಅದು ಸಾಮಾನಿನ ಬೆಲೆಯ ಶೇ 30ರಷ್ಟನ್ನು ವರ್ಷಕ್ಕೆ 1,200 ಡಾಲರ್ ಮಿತಿಯಲ್ಲಿ ಕೊಡುತ್ತಿತ್ತು. ಇನ್ಸುಲೇಶನ್ ಹಾಕುವ ಕೂಲಿ ಲೆಕ್ಕಕ್ಕಿರಲಿಲ್ಲ. ಗೋಡೆ ಉಳಿಯುವುದೂ ಕೊಳೆಯುವುದೂ ಆ ಕೂಲಿಯಲ್ಲಿದೆ. ಕಿಟಕಿಯ ಮೂಲೆಯಲ್ಲಿ ಅರ್ಧ ದಿನ ಕಳೆಯುವ ಬಡಗಿಗೆ ನಯಾಪೈಸೆ ಇಲ್ಲದೆ, ಫೋಮ್ ಹಾಳೆಗೆ ಮಾತ್ರ ಹಣ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಸ್ನೇಹಿತರ ಅಡಿತೊಲೆ ತೋರಿಸಿದೆ. ಮುಂದೆ ಯಾವ ಸರ್ಕಾರ ಹೊಸ ಯೋಜನೆ ತಂದರೂ ಅದು ಬಡಗಿಯ ಸಮಯಕ್ಕೆ ಹಣ ಕೊಡಲಿ, ಹಲಗೆಯ ತೇವ ಅಳೆದ ಚೀಟಿ ಕೇಳಲಿ.

ಗೋಡೆಯೊಳಗೆ ತೇವ ಅಳೆಯುವ ಎರಡು ಮೊಳೆ ಬಿಟ್ಟು ತಂತಿಯನ್ನು ನೆಲಮಾಳಿಗೆಗೆ ತಂದಿದ್ದೇವೆ. ಮರದ ತೇವ ಶೇ 20 ದಾಟಿ ನಿಂತರೆ ಅಪಾಯ. ಆರು ಚಳಿಗಾಲ ಕಳೆದರೂ, ಫೆಬ್ರವರಿಯ ಕೊನೆಯಲ್ಲೂ, ಅದು 14 ದಾಟಿಲ್ಲ. ಪಶ್ಚಿಮದ ಗೋಡೆ 2021ರಲ್ಲಿ ಮುಗಿಯಿತು. ದಕ್ಷಿಣದ್ದು ಈ ಮೇ ತಿಂಗಳಿಗೆ. ಅಲ್ಲಿ ಐದು ಕಿಟಕಿಗಳಿವೆ.

ಪೆನ್ಸಿಲಿನ ಲೆಕ್ಕವಿದ್ದ ಹಲಗೆಯನ್ನು ಕತ್ತರಿಸಿ ಮನೆಯೊಳಗೆ ತೂಗುಹಾಕೋಣ ಎಂದರು ನನ್ನ ಹೆಂಡತಿ. ಗಟ್ಟಿ ಇರುವ ಹಲಗೆಗೆ ಗರಗಸ ಇಡಲು ಬಡಗಿ ಒಪ್ಪಲಿಲ್ಲ. ಅಂಟುಹಾಳೆ ಹೊದಿಸುವ ಬೆಳಗ್ಗೆ ಅವರೇ ತಮ್ಮ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಹಳೆಯ ಮೊತ್ತದ ಕೆಳಗೆ ಆ ದಿನದ ತಾರೀಕು ಹಾಕಿ, ಪಕ್ಕದಲ್ಲಿ ಬರೆದರು: ತೇವ 12.